ಬಲಗೈಯ ನಿದ್ದೆ

೨೦೦೭ರಲ್ಲಿ ಜಯನಗರದ ಒಂದು ನರರೋಗ ಕ್ಲಿನಿಕ್ಕಿನಲ್ಲಿ ನನ್ನೆದುರು ಮೂವರು ಕುಳಿತಿದ್ದರು: ಬಲಗೈಗೆ ಲಕ್ವ ಹೊಡೆದ ಗಂಡ, ಅವನ ಹೆಂಡತಿ, ಆಗಷ್ಟೇ ಡಾಕ್ಟರ ಕೋಣೆಯಿಂದ ಬಂದ ಅವಳ ತಮ್ಮ. ನಾನು ಪೇಪರ್ ಓದುವಂತೆ ನಟಿಸುತ್ತಿದ್ದೆ.

“ಏನಂದ್ರೋ ಡಾಕ್ಟ್ರು?” ಆಕೆ ತಮ್ಮನನ್ನು ಕೇಳಿದಳು.

“ಹಗಲೆಲ್ಲ ಕೈ ಆಡಿಸಿ ಕಲಿತದ್ದು ಗಾಢ ನಿದ್ದಿಯೊಳಗ ಮಿದುಳಿನ್ಯಾಗ ಗಟ್ಟಿ ಆಗ್ತೈತಂತ. ಕೈಗೆ ಕೆಲಸಾನ ಇಲ್ಲಂದ್ರ, ಮಿದುಳಿನ್ಯಾಗ ಅದರ ಜಾಗಕ್ಕ ಗಾಢ ನಿದ್ದಿನೂ ಕಡಿಮಿ ಅಂತಕ್ಕಾ.”

“ಇವರು ಗೊರಕಿ ಹೊಡದು ಮಲಗ್ತಾರಲ್ಲೋ.”

“ಮಾಮಾ ಮಲಗ್ತಾನ. ಆ ಜಾಗ ಮಲಗೂದಿಲ್ಲ. ಬಲಗೈಲೆ ಉಣ್ಣಾಕ ಹಚ್ಚೀರೇನು ಅಂತ ಕೇಳಿದ್ರು.”

“ಅನ್ನ ಚೆಲ್ಲತಿದ್ರು. ಎಡಗೈಲೆ ಉಣ್ಣಾಕ ಹೆಂಗ ಬಿಡ್ಲಿ? ಆರು ತಿಂಗಳು ನಾನ ಉಣಿಸೇನಿ.”

“ಅದನ್ನೂ ಹೇಳಿದೆ.”

“ಅದಕ್ಕ?”

“ಕೈ ತಿರುಗಿ ಬರೂ ಕಾಲ ಅಂದ್ರ ಆ ಆರು ತಿಂಗಳಂತ.”

ಆಕೆ ಗಂಡನ ಮುಖ ನೋಡಲಿಲ್ಲ.

ನರ್ಸ್ ಹಾಳೆ, ಪೆನ್ನು ತಂದಳು. “ಭೀಮರಾಯ ಸಾರ್, ಇಲ್ಲೊಂದು ಸೈನ್ ಹಾಕ್ಬಿಡಿ.”

ತೊಡೆಯ ಮೇಲಿದ್ದ ಅವನ ಬಲಗೈಯ ಎರಡು ಬೆರಳು ಪೆನ್ನಿನ ಕಡೆಗೆ ಸ್ವಲ್ಪವೇ ಮೇಲೆದ್ದವು. ಅಷ್ಟರಲ್ಲಿ ಹೆಂಡತಿ ಪೆನ್ನು ತೆಗೆದುಕೊಂಡು ತಾನೇ ಅವನ ಹೆಸರು ಬರೆದುಬಿಟ್ಟಿದ್ದಳು. ಆಮೇಲೆ ಆ ಬೆರಳುಗಳನ್ನು ತನ್ನ ಮುಷ್ಟಿಯೊಳಗೆ ಮಡಚಿ ಹಿಡಿದು, ಅವನನ್ನು ಎಬ್ಬಿಸಿಕೊಂಡು ಹೊರಗೆ ಹೋದಳು.