ರೆಸಿನ್ನಿನಾಗಿನ ಬದನಿಕಾಯಿ ತೊಟ್ಟು

ಇಲ್ಲಲ್ಲ, ತೊಟ್ಟಲಾ ಕೊಡೂದಿಲ್ಲ ಅಂತ ಎಲ್ಲಿ ಅಂದ್ನಿ ಅಕ್ಕಾ? ಕೊಡತೇನಿ! ಸಂಕೇಶ್ವರ ಪ್ಯಾಟ್ಯಾಗ ಸ್ಟೀಲಿನವು ಏನ್ ಚಂದ ಬಂದಾವ... ಗಾಲಿ ಅದಾವ, ಸೊಳ್ಳಿ ಪರದಾ ಐತಿ, ಗುಂಡಿ ಒತ್ತಿದ್ರ ಹಾಡೂ ಹೇಳ್ತೈತಿ. ನಾ ಮಾಡೂ ಕಟ್ಟಿಗಿ ತೊಟ್ಟಲಾ ಏನ್ ಹೇಳ್ತೈತಿ? ಕಿರ್ರ್ ಅಂತೈತಿ, ಅಷ್ಟ! ನಗು, ನಗು. ತಮ್ಮನ್ನ ಬಯ್ಯಾಕಂತ ಹುಕ್ಕೇರಿಯಿಂದ ಗೋಕಾಕಿಗೆ ಪುಕ್ಕಟ ಬಸ್ಸಿಗೆ ಬಂದೀದಿ, ನಕ್ಕರ ಏನೂ ಲುಕ್ಸಾನ್ ಇಲ್ಲ.

ಹೌದವಾ, ಹೇಳಿದ್ನಿ. ನಿನ್ನ ಮಗಳು ಕಾಜಲ್‌ನ ಮದವ್ಯಾಗ ಮೈಕ್ ಹಿಡದು ಹೇಳಿದ್ನಿ. "ಇಕಿ ಚೊಚ್ಚಲ ಕೂಸು ಸೋದರಮಾವ ಉದ್ದಪ್ಪ ಸ್ವಂತ ಕೈಲೆ ಮಾಡಿದ ತೊಟ್ಟಲದಾಗ ಮಲಗತೈತಿ" ಅಂತ. ಆ ಮೈಕ್ ನನ್ನ ಕೈಯಾಗ ಕೊಟ್ಟಾಂವ ಯಾರು? ಅವನ್ನ ಹುಡುಕು ಮೊದಲ!

ಸೋಮವಾರ ಕೂಸಿಗೆ ಹೆಸರಿಡೂದು ಅಂತ ನನಗ ಗೊತ್ತಿಲ್ಲೇನು? ಗೊತ್ತೈತಿ. ಆದ್ರ ಪುರಸತ್ತ ಎಲ್ಲೈತಿ? ಈಗ ನಾ ಬೊಂಬಿ ಉದ್ದಪ್ಪ ಅಲ್ಲ ಅಕ್ಕಾ, ರೆಸಿನ್ ಉದ್ದಪ್ಪ!

ರೆಸಿನ್ ಅಂದ್ರ... ತಡಿ, ಹೇಳ್ತೇನಿ. ಎರಡು ಬಾಟ್ಲಿ. ಒಂದರಾಗ ಬೆಲ್ಲದ ಪಾಕದಂಥ ರಸ, ಇನ್ನೊಂದರಾಗ ಅದನ್ನ ಗಟ್ಟಿ ಮಾಡೂ ಔಷಧ. ಎರಡೂ ಕೂಡಿಸಿ ಕಲಸೂದು, ಅಚ್ಚಿನಾಗ ಕಟ್ಟಿಗಿ ಚೂರು ಇಟ್ಟು ಮ್ಯಾಲೆ ಹೊಯ್ಯೂದು. ಮರದಿನಕ್ಕ ಗಾಜಿನಂಥ ಕೋಲು! ಅದನ್ನ ಕೊಲ್ಲಾಪುರದ ವ್ಯಾಪಾರಿ ಒಬ್ಬಾಂವ ಒಯ್ದು ಲೇಥ್ ಮ್ಯಾಲೆ ತಿರುವಿ ಪೆನ್ನ ಮಾಡ್ತಾನ. ಅಷ್ಟ. ಶ್ಯಾಣ್ಯಾ ಕೆಲಸ ಎಲ್ಲಾ ಅವಂದು, ಹೊಯ್ಯೂದಷ್ಟ ನಂದು.

ಸಸಾರ ಅನ್ನಬ್ಯಾಡ ಮತ್ತ! ಮೊದಲನೇ ಸಲ ಔಷಧ ಅಂದಾಜಿಲೆ ಹಾಕಿದ್ನಿ, ಸಾರಿಗೆ ಉಪ್ಪ ಹಾಕಿದಂಗ. ಮೂರು ದಿನ ಆದ್ರೂ ಗಟ್ಟಿ ಆಗವಲ್ದು. ನಮ್ಮ ಮನಿಯಾಕಿ ಪಾರವ್ವ ಕಸಾ ಹೊಡಿಯಾಕ ಬಂದಾಕಿ ಅದರ ಮ್ಯಾಲೆ ಕೈ ಊರಿದ್ಲು. ಕೈ ಬಂತು, ಬಳಿ ಅಲ್ಲೇ ಉಳೀತು! ಇನ್ನೊಂದು ಸಲ ಬಂಗಾರದ ಬಣ್ಣ ಬರ್ಲಿ ಅಂತ ದೇವರ ಜಗಲಿ ಮ್ಯಾಲಿನ ಭಂಡಾರದ ಅರಿಷಿಣ ತಗೊಂಡು ಕಲಸಿದ್ನಿ. ಔಷಧ ಬಿದ್ದದ್ದ ತಡ, ಕೆಂಪಗಾತು ನೋಡು! ಅರಿಷಿಣಕ್ಕ ಸುಣ್ಣಾ ಬಿದ್ದಂಗ. ಪಾರವ್ವ ಬಂದು ನೋಡಿ, "ತಾಯಿ ಸಿಟ್ಟಾಗ್ಯಾಳ, ಕಾಯಿ ಒಡೀರಿ" ಅಂತ ಕುಂತ್ಲು. ನಾನೂ ಹೆದರಿ ಎರಡು ಒಡದ್ನಿ. ಕೊಲ್ಲಾಪುರದಾಂವ ಅದನ್ನ ನೋಡಿ ಏನಂದ? "ಅಂಟೀಕ್ ಕಲರ್, ಇನ್ನೂ ಹತ್ತು ಕಳಸ್ರಿ!" ಅಂದ. ಹಿಂಗೈತಿ ನನ್ನ ಶ್ಯಾಣ್ಯಾತನ.

ಚಾ ಆರತೈತಿ, ಕುಡಿ. ನಂದಾ? ನನಗ ಅರ್ಧಾ ಕಪ್ಪ ಸಾಕ. ಏ, ಸಕ್ಕರಿ ಬ್ಯಾನಿ ಎಲ್ಲಾ ಏನೂ ಇಲ್ಲವಾ... ಸುಮ್ನ. ಹೊಟ್ಟಿ ಕಡಿಮಿ ಮಾಡಾಕತ್ತೇನಿ. ಯಾಕ ನಗತಿ?

ಲೇಥ್ ಮ್ಯಾಲೆ ಗೋಣಿಚೀಲ ಯಾಕಂದ್ರ... ಧೂಳ ಬೀಳ್ತೈತೆಲ್ಲ ಅಕ್ಕಾ. ಬಿಡು, ತಗೀಬ್ಯಾಡ, ಮೈಯೆಲ್ಲಾ ಧೂಳ ಆಗ್ತೈತಿ. ಈ ಕೋಲು ನೋಡು ಬಾ. ಬೆಳಕಿಗೆ ಹಿಡಿ. ಕಂಡ್ತಿಲ್ಲೋ? ಕಟ್ಟಿಗಿ ಬದನಿಕಾಯಿ ತೊಟ್ಟು! ಇದರಾಗ ಬಾಳಿಹಣ್ಣಿನ ತುದಿ. ಇದರಾಗ ಗಿಳಿ ಚುಂಚು. ನಮ್ಮ ಗೋಕಾಕ ಬೊಂಬಿ ಎಲ್ಲಾ ಈಗ ಸಾಹೇಬರ ಕಿಸೇದಾಗ ಕುಂಡ್ರತಾವ, ನೋಡ!

ಮುರದದ್ದು ಎಲ್ಲಿಂದ ಅಂದ್ರ... ಹಳೇ ಮಾಲು. ಅಟ್ಟದ ಮ್ಯಾಲಿಂದ ಇಲಿ ಕೆಡವಿದ್ವು.

ಏನು? ಹಳೇ ಮಾಲಿಗೆ ಬಣ್ಣಾ ಎಲ್ಲಿ ಅಂತೇನು?

ಬಣ್ಣಾ... ಉಜ್ಜಿ ತಗದ್ನಿ. ಉಸುಕಿನ ಕಾಗದಲೇ. ರೆಸಿನ್ ಹಿಡಿಯೂದಿಲ್ಲ ಬಣ್ಣ ಇದ್ರ, ಅದಕ್ಕ...

ಅಕ್ಕಾ?

ಏನರ ಅನ್ನು. ಸುಳ್ಳಬುರಕಾ ಅನ್ನು. ಸಣ್ಣಂವಿದ್ದಾಗ ಅಂತಿದ್ದಿ ಅಲ್ಲ, ಅನ್ನು ಈಗ. ಕೋಲು ತಿರುವಿ ತಿರುವಿ ನೋಡಬ್ಯಾಡ. ಆಯ್ತು! ಬೊಂಬಿ ಮಾಡೂ ಮನಿ ಮಗಳು ನೀ, ಮದವಿ ಆಗೂ ತನಕಾ ಎಲ್ಲಾದಕ್ಕೂ ಬಣ್ಣಾ ಹಚ್ಚಿದಾಕಿ ನೀನ. ಉಜ್ಜಿದ ಕಟ್ಟಿಗಿ ಯಾವುದು, ಎಂದೂ ಬಣ್ಣಾ ಕಾಣದ ಕಟ್ಟಿಗಿ ಯಾವುದು ಅಂತ ನಿನಗ ತಿಳಿಯೂದಿಲ್ಲೇನು. ಇಲಿ ಕೆಡವಿಲ್ಲ. ಎಲ್ಲಾ ನನ್ನ ಕೈಯಾಗ ಮುರದಾವ.

ಉಳಿ ನಿಲ್ಲವಲ್ದು ಅಕ್ಕಾ. ಲೇಥ್ ಗಿರ್ರ್ ಅಂತ ತಿರುಗತಿರತೈತಿ, ನನ್ನ ಬಲಗೈ ತನ್ನದ ಬ್ಯಾರೇ ಕುಣೀತಿರತೈತಿ. ಉಳಿ ಕಚ್ಚತೈತಿ, ಫಟ್! ಕಟ್ಟಿಗಿ ಸಿಡದು ಗ್ವಾಡಿಗೆ. ರೆಸಿನ್ನಿಗೆ ನೆಟ್ಟಗಿನ ಕೈ ಬೇಕಾಗೂದಿಲ್ಲ. ಮುರದದ್ದು ಹಾಕಿ ಹೊಯ್ದ್ರ ಮಂದಿ ಡಿಸೈನ್ ಅಂತಾರ, ಕೈ ನಡುಗಿ ಬಣ್ಣಾ ಹರದಾಡಿದ್ರ ವಾಹ್ವಾ ಅಂತಾರ! ದೊಡ್ಡ ಕಲಾವಿದ ನಿನ್ನ ತಮ್ಮ.

ಡಾಕ್ಟರ್ ಕಡೆ ಹೋಗಿಲ್ಲ. ಹೋದ್ರ ಅದಕ್ಕೊಂದು ಹೆಸರ ಹೇಳ್ತಾನ. ಅಪ್ಪನ ಬಾಯಿಗೆ ಚಾದ ಕಪ್ಪ ಹಿಡೀತಿದ್ದಾಕಿ ನೀ, ನಿನಗ ಹೆಸರ ಬ್ಯಾಡ. ಅದಕ್ಕ ನೀ ಬರ್ತಿ ಅಂದ್ರ ಹೆದರಿಕಿ ಆಗಿತ್ತು ನೋಡು. ಪಾರವ್ವಗೂ ಹೇಳಿಲ್ಲ. ಕೈ ಬಗಲಾಗ ಇಟಗೊಂಡ ತಿರಗತೇನಿ, ಗೌಡನಂಗ.

ಏ... ಕೈ ಯಾಕ ಹಿಡಿದಿ? ಬಿಡು, ಅಂಟ ಐತಿ. ಬಿಡ ಅಕ್ಕಾ, ಮಂದಿ ನೋಡ್ತಾರ.

...ನೋಡು. ನೀ ಹಿಡದ್ರ ನಿಂತೈತಿ.

ಬಿಡಬ್ಯಾಡ. ಇನ್ನೊಂದು ಚೂರು ಹೊತ್ತು ಹಿಡಿ.

ಆ ಸ್ಟೀಲಿಂದ ತರ್ತೇನಿ ಸೋಮವಾರ. ಆದ್ರ ಕಾಜಲ್ ಕೇಳಿದ್ರ, ಮಾವಗ ಪುರಸತ್ತ ಇರಲಿಲ್ಲ ಅಂತ ಹೇಳಬ್ಯಾಡ ಅಕ್ಕಾ. ಖರೆ ಹೇಳು. ಅಕಿಗೆ ಐದನೇ ತಿಂಗಳ ಇದ್ದಾಗಿಂದ ಮಾವ ಕುಂತಿದ್ದ, ತೊಟ್ಟಲದ ಕಾಲು ಹನ್ನೊಂದು ಮಾಡಿದ, ಒಂದೂ ಉಳೀಲಿಲ್ಲ ಅಂತ ಹೇಳು.