ಒಂಬತ್ತನೇಯಾಕಿ

ಫರಹೀನ ನಮ್ಮ ಖಾಲಾನ, ಅಂದ್ರ ಚಿಗವ್ವನ ಮಗಳ್ರಿ. ಸುಳ್ಳ ಹೇಳೂ ಹುಡುಗಿ ಅಲ್ಲ. ಹೋದ ವರ್ಷ ಥಂಡಿ ದಿನದಾಗ ಆಕಿಗಿ ಆದದ್ದು ಹೇಳ್ತೇನಿ... ಸ್ವಲ್ಪ ಹತ್ರ ಕುಂದರ್ರಿ.

ಜೇವರ್ಗಿ ಊರ ಹೊರಗ ಒಂದು ಸಣ್ಣ ಆಶ್ರಮ ಅದ. ಮರವಿನ ಬ್ಯಾನಿ ಹತ್ತಿದ ವಯಸ್ಸಾದವರು ಎಂಟ ಮಂದಿ ಇರ್ತಾರ. ಫರಹೀನಗ ಅಲ್ಲಿ ರಾತ್ರಿ ಡ್ಯೂಟಿ. ಅವತ್ತ ಟಂಟಂ ಆಟೋ ಸಿಗಲಿಲ್ಲ, ತಡಾ ಆಯ್ತು. ಹಾಳ ಬಾವಿ ಮುಂದಿನ ದಾರಿ ಹಿಡಿದು ನಡಕೋತ ಹೊಂಟಿದ್ಳು. ಬಾವಿ ಕಟ್ಟಿ ಮ್ಯಾಲ ಒಬ್ಬ ಮುದುಕಿ ಕುಂತಿದ್ಳು. ಹಸರ ಸೀರಿ. ಮುಖದ ಮ್ಯಾಲ ಸೆರಗು.

ಫರಹೀನ ಅಲ್ಲೇ ನಿಂತ್ಳು. ಆಶ್ರಮದ ಸುಭದ್ರಾಬಾಯಿ ಹಿಂಗೇ ಹಸರ ಸೀರಿ ಉಡ್ತಾಳ.

"ಆಯಿ... ಹೊರಗ ಹೆಂಗ ಬಂದ್ರಿ?"

"ಬಾಗಿಲಾ ತೆಗದಿತ್ತ ಬೇ."

ದನಿ ಭಾಳ ಸಣ್ಣದು. ಫರಹೀನ ಕೈ ಹಿಡದ್ಳು. ಕೈ ತಣ್ಣಗಿತ್ತು. ಚಳಿ ಅಂತ ತಿಳಕೊಂಡ್ಳು.

ಹಗಲ ಡ್ಯೂಟಿ ಶಿವಕಾಂತಾಂದು. ಈ ಸಂಗತಿ ಹೊರಬಿದ್ರ ಆಕಿ ನೌಕ್ರಿ ಹೋಗ್ತದ ಅಂತ ಫರಹೀನ ತುಟಿ ಬಿಚ್ಚಲಿಲ್ಲ. ಶಿವಕಾಂತಾ ಹಿತ್ತಲಿಗಿ ಸ್ಕೂಟಿ ತೆಗೀಲಾಕ ಹೋದಾಗ ಮುದುಕೀನ್ನ ಒಳಗ ಬಿಟ್ಳು. ಶಿವಕಾಂತಾ ಹೋದ ಮ್ಯಾಲ ಗ್ರಿಲ್ ಬಾಗಿಲಿಗಿ ಒಳಗಿಂದ ಕೀಲಿ ಜಡದು, ಕೀಲಿಕೈ ಕೊರಳಿಗಿ ಹಾಕೊಂಡ್ಳು. ಮುಂಜಾನಿ ಆರರ ತನಕ ಯಾರ ಏನ ಅಂದ್ರೂ ತೆಗೀಬಾರದು. ಇದು ಮ್ಯಾನೇಜರ್ ಕಲ್ಯಾಣಕುಮಾರನ ಹುಕುಂ. ಹಿಂದ ಒಬ್ಬ ಮುದುಕ ಹೈವೇಕ್ಕ ಹೋಗಿ ಲಾರಿ ಕೆಳಗ ಬೀಳೂದು ಕೂದಲೆಳಿಯಾಗ ತಪ್ಪಿತ್ತು.

ಮುದುಕಿ ಹೋಗಿ ಮಲಗಿರಬೇಕು ಅಂತ, ಚಾದರ ಹೊಚ್ಚಲಾಕ ಸುಭದ್ರಾಬಾಯಿ ಮಂಚದ ಕಡಿ ಹೋದ್ಳು.

ಸುಭದ್ರಾಬಾಯಿ ಮಂಚದ ಮ್ಯಾಲೇ ಮಲಗಿದ್ಳು. ಕಣ್ಣ ತೆಗದಿದ್ಳು. ಪಿಸು ದನೀಲೆ ಕೇಳಿದ್ಳು, "ಆಕೀನ್ನ ಯಾಕ ಕರಕೊಂಡ ಬಂದಿ ಬೇ?"

"ಯಾ... ಯಾರನ್ನ ಆಯಿ?"

ಆಗ ವರಾಂಡದಿಂದ ಸಪ್ಪಳ ಬಂತು. ಟಕ್... ಟಕ್... ಟಕ್. ಕಬ್ಬಿಣದ ಸಳಿ ಮ್ಯಾಲ ಉಗರ ಬಡದಂಗ.

"ಬಾಗಿಲಾ ತೆಗಿ. ಮನಿಗಿ ಹೋಗ್ತೇನಿ."

ಅಲ್ಲಿರೂ ಎಲ್ಲಾರೂ ದಿನಾ ಸಂಜಿ ಇದೇ ಮಾತ ಅಂತಾರ್ರಿ. ಫರಹೀನ ದಿನಾ ಒಂದೇ ಜವಾಬು ಕೊಡ್ತಾಳ. ಅವತ್ತೂ ರೂಢಿ ಮ್ಯಾಲ ಬಾಯಿಂದ ಅದೇ ಬಂತು. "ನಾಳಿ ಹೋಗೂಣ್ರಿ ಆಯಿ."

ಟಕ್ ಟಕ್ ನಿಂತಿತು.

"ನಾಳಿ ನಾಳಿ ಅಂದು ಎಷ್ಟ ವರ್ಷ ಆಯ್ತು ಬೇ?"

ಫರಹೀನ ಅಡಗಿ ಮನಿಗಿ ಓಡಿ ಕಲ್ಯಾಣಕುಮಾರಗ ಫೋನ್ ಹಚ್ಚಿದ್ಳು. "ಸರ್, ಒಳಗ ಒಂಬತ್ತ ಮಂದಿ ಇದ್ದಾರ."

"ನಿದ್ದಿಗಣ್ಣಾಗ ಇದ್ದಿಯೇನವಾ? ಎಂಟೇ ಮಂದಿ. ಕೀಲಿ ಮಾತ್ರ ತೆಗೀಬ್ಯಾಡ." ಫೋನ್ ಇಟ್ಟ.

ಹೊರಗ ಬಂದು ನೋಡ್ತಾಳ... ಮಂಚಗಳೆಲ್ಲಾ ಖಾಲಿ. ಎಂಟೂ ಮಂದಿ ಎದ್ದು ಗ್ರಿಲ್ ಮುಂದ ಸಾಲಾಗಿ ನಿಂತಿದ್ರು. ದೌಲತರಾಯ ಕಾಕಾ ನಾಕ ತಿಂಗಳಿಂದ ಹಾಸಿಗಿ ಹಿಡದವರು, ಅವರೂ ನೆಟ್ಟಗ ನಿಂತಿದ್ರು. ಎಲ್ಲಾರ ಮುಂದ ಆ ಹಸರ ಸೀರಿ.

ಕಿಟಕಿಗೆಲ್ಲಾ ಸಳಿ. ಇರೂದು ಒಂದೇ ಬಾಗಿಲು. ಆ ಬಾಗಿಲ ಮುಂದ ಆಕಿ. ಕೀಲಿ ತೆಗದ್ರ ಎಂಟೂ ಮಂದಿ ಹೈವೇಕ್ಕ ಹೋಗ್ತಾರ. ತೆಗೀದಿದ್ರ... ಮುಂಜಾನಿ ತನಕ ಆಕಿ ಜೋಡಿ ಒಳಗೇ ಇರಬೇಕು. ಫರಹೀನ ಒಳಗ ಸಿಕ್ಕಿಬಿದ್ಳು. ಇವರಿಗಿ ದಿನಾ ಹಿಂಗೇ ಆಗ್ತಿರಬೇಕು ಅಂತ ಆ ಹೊತ್ತಿನ್ಯಾಗ ಆಕಿಗಿ ಅನಿಸ್ತಂತ್ರಿ. ಅದನ್ನ ಹೇಳುವಾಗ ಇವತ್ತಿಗೂ ಅಳ್ತಾಳ.

ಕಡೀಗಿ ಫರಹೀನ ಆ ಮುದುಕಿ ಹತ್ರ ಹೋಗಿ ಕೈ ಮುಗದ್ಳು.

"ನಿಮ್ಮನ್ನ ಹೊರಗ ಬಿಡ್ತೇನಿ ಆಯಿ. ಇವರನ್ನ ಬಿಟ್ಟ ಬಿಡ್ರಿ."

ಸೆರಗು ಅಲ್ಲಾಡಲಿಲ್ಲ.

"ನಾ ಯಾರನ್ನೂ ಹಿಡದಿಲ್ಲ ಬೇ. ಹಿಡದಾಕಿ ನೀ."

ಫರಹೀನ ಕೊರಳಾಗಿಂದ ಕೀಲಿಕೈ ತೆಗದ್ಳು. ಕೀಲಿ ತೆಗದು, ಬಾಗಿಲಾ ಒಂದ ಗೇಣಷ್ಟ ಸರಿಸಿ, ಉಳದವರಿಗಿ ತನ್ನ ಮೈ ಅಡ್ಡ ಇಟ್ಳು. ಕಿರ್‍ರ್ ಅಂತು ಬಾಗಿಲಾ. ಮಗ್ಗಲಿಂದ ತಣ್ಣಂದೇನೋ ಹಾದು ಹೋಯ್ತು... ಅಷ್ಟೇ. ಧಡಕ್ಕನ ಮುಚ್ಚಿ ಕೀಲಿ ಹಾಕಿದ್ಳು. ತಿರುಗಿ ನೋಡಿದ್ರ ಎಲ್ಲಾರೂ ಅಲ್ಲೇ ನಿಂತಿದ್ರು. ಯಾಕ ಎದ್ದು ಬಂದೇವು ಅನ್ನೂದು ಯಾರಿಗೂ ಗೊತ್ತಿರಲಿಲ್ಲ. ದೌಲತರಾಯ ಕಾಕಾನ ಕಾಲ ಮಾತ್ರ ಕುಸದವು. ಒಬ್ಬೊಬ್ಬರನ್ನ ಹಿಡಕೊಂಡು ಹೋಗಿ ಮಲಗಿಸೂದ್ರಾಗ ಆಕಿಗಿ ಸಾಕಾಯ್ತು.

ಕಲ್ಯಾಣಕುಮಾರ ನಂಬಲಿಲ್ಲ, ನಕ್ಕ. ಫರಹೀನ ನೌಕ್ರಿ ಬಿಡಲಿಲ್ಲ. ಆದ್ರ ಆವತ್ತಿಂದ ಯಾರಿಗೂ ನಾಳಿ ಅನ್ನೂದಿಲ್ಲ. ಡ್ಯೂಟಿ ಮುಗದ ಮ್ಯಾಲ, ಮುಂಜಾನಿ ಬಿಸಿಲಾಗ, ಇಬ್ಬಿಬ್ಬರನ್ನ ಕೈ ಹಿಡದು ರೋಡಿನ ತನಕ ನಡಸಿ ತರ್ತಾಳ.

ಹೋದ ಶುಕ್ರವಾರ ನಾನೂ ಆಶ್ರಮಕ್ಕ ಹೋಗಿದ್ದೆ. ಸುಭದ್ರಾಬಾಯಿ ಈಗ ಮಂಚದ ಅಂಚಿಗಿ, ಗ್ವಾಡಿಗಿ ಹತ್ತಿ ಮಲಗ್ತಾಳ. ನಡುವಕ್ಕ ಸರಸಲಾಕ ಹೋದ್ರ "ಆಕಿಗಿ ಜಾಗಾ ಬಿಡ್ರಿ" ಅಂತಾಳ. ಆ ಖಾಲಿ ಅರ್ಧದ ಮ್ಯಾಲ ನಾನೇ ಕೈ ಇಟ್ಟ ನೋಡೇನ್ರಿ, ಈ ನನ್ನ ಕೈಯೇ...

ಈಗಷ್ಟ ಯಾರೋ ಮಲಗಿ ಎದ್ದಂಗ ಬೆಚ್ಚಗಿತ್ತು.