ಇಲ್ಲಿ ಎಲ್ಲರೂ ಕ್ಷೇಮ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ದೂರದಿಂದ ಬಂದಿರುವ ಯೋಧರ ಮನೆಯವರೇ, ನನ್ನ ಜೊತೆ ಗುದ್ದಲಿ ಹಿಡಿದ ಗೆಳೆಯರೇ, ಸಭಿಕರೇ,

ಮೂವತ್ತೊಂದು ವರ್ಷ ಈ ಯೋಧರ ಸಮಾಧಿ ತೋಟವನ್ನು ನೋಡಿಕೊಂಡವನು ನಾನು. ಅಲ್ಲಿ ನಾನು ಏನೇ ಮಾತಾಡಿದರೂ ಎದುರಾಡಿದವರಿಲ್ಲ. ಇಲ್ಲಿ ಹಾಗಲ್ಲ ಎಂದು ಬಲ್ಲೆ. ಬೆಳಿಗ್ಗೆ ನನ್ನ ಹೆಂಡತಿ ಹೇಳಿ ಕಳಿಸಿದ್ದಳು: "ಎರಡು ಮಾತಾಡಿ, ಕೊಟ್ಟಿದ್ದು ಇಸ್ಕೊಂಡು, ಸುಮ್ನೆ ಕೆಳಗಿಳಿದುಬಿಡಿ." ಅವಳ ಮಾತು ಕೇಳಿದ್ದರೆ ಎಷ್ಟು ಸುಖವಾಗಿರುತ್ತಿತ್ತು!

ಅಧ್ಯಕ್ಷರು ನನ್ನ ಕಾಗದಗಳನ್ನು ಬಾಯಿ ತುಂಬ ಹೊಗಳಿದರು. ಯುದ್ಧದಲ್ಲಿ ಮಡಿದವರ ಮನೆಗಳಿಗೆ ಸಮಾಧಿ ನೋಡಿಕೊಳ್ಳುವವರೇ ಕಾಗದ ಬರೆಯಲಿ ಎಂದು ತೋಟ ನಡೆಸುವ ನಮ್ಮ ಸಂಘ ತೀರ್ಮಾನಿಸಿದಾಗ, ನನಗೆ ಸಿಕ್ಕ ಮೊದಲ ವಿಳಾಸ ಒಬ್ಬ ತಾಯಿಯದು. ಅವರು ಇವತ್ತು ಮೊದಲ ಸಲ ಬಂದಿದ್ದಾರೆ. ಮುಂದಿನ ಸಾಲಿನಲ್ಲಿ, ಮಗಳ ಪಕ್ಕ ಕುಳಿತಿದ್ದಾರೆ.

ಕಾಗದ ಬರೆಯುವುದಕ್ಕೆ ನಮ್ಮ ಮೇಷ್ಟ್ರು ಕಲಿಸಿದ್ದು ಒಂದೇ ದಾರಿ. ಮೊದಲು "ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ", ಆಮೇಲೆ ವಿಷಯ. ಕೈ ಅದನ್ನೇ ಬರೆಯಿತು. ಏನು ಬರೆದೆನೆಂದು ಹೊಳೆದದ್ದು ಅಂಚೆಗೆ ಹಾಕಿದ ಮೇಲೆ. ಮಗನನ್ನು ಕಳೆದುಕೊಂಡವರಿಗೆ, ಅದೂ ಅವನ ಸಮಾಧಿಯ ಪಕ್ಕದಿಂದ, ಎಲ್ಲರೂ ಕ್ಷೇಮ ಎಂದು ಯಾರಾದರೂ ಬರೆಯುತ್ತಾರೆಯೇ? ನನಗೆ ಬುದ್ಧಿ ಬೇಡವೇ?

ಉತ್ತರ ಬಂತು. "ಎಲ್ಲರೂ ಅಂತ ಬರ್ದಿದೀಯಲ್ಲಪ್ಪಾ, ಅದ್ರಲ್ಲಿ ನನ್ನ ಮಗನೂ ಸೇರಿದಾನೆ ಅಂದ್ಕೊಂಡೆ. ಇನ್ಮುಂದೂ ಹಾಗೇ ಬರಿ."

ಹಾಗೇ ಬರೆದೆ. ಹತ್ತೊಂಬತ್ತು ವರ್ಷ ಬರೆದೆ. ನಮ್ಮಮ್ಮ ಬದುಕಿದ್ದಾಗ ಅವಳಿಗೆ ನಾಲ್ಕು ಕಾಗದ ಬರೆದವನಲ್ಲ ನಾನು. ಅದಿರಲಿ.

ಒಂಬತ್ತು ವರ್ಷದ ಹಿಂದೆ ನದಿ ಉಕ್ಕಿ ಪೂರ್ವದ ಗೋಡೆ ಬಿತ್ತು, ನಿಮಗೆಲ್ಲ ನೆನಪಿದೆ. ಮೂರೇ ದಿನದಲ್ಲಿ ತೋಟವನ್ನು ಮೊದಲಿನಂತೆ ಮಾಡಿದೆನೆಂದು ಈ ಸನ್ಮಾನ ಪತ್ರದಲ್ಲಿ ಬರೆದಿದೆ. ಮೊದಲಿನಂತೆ! ಆ ಗೋಡೆಯ ಬುಡದಲ್ಲಿದ್ದ ನಾಲ್ಕು ಸಮಾಧಿ ಕಲ್ಲುಗಳು ಜಾರಿ ಕೆಸರಿನಲ್ಲಿ ಬಿದ್ದಿದ್ದವು. ಜಾಗ ಗುರುತಿಸಿದ್ದ ನಕ್ಷೆ ನೆನೆದು ಮುದ್ದೆಯಾಗಿತ್ತು. ದೊಡ್ಡವರು ನೋಡಲು ಬರುತ್ತಾರೆಂದು ಅವಸರ. "ಎಲ್ಲೋ ಒಂದ್ ಕಡೆ ನಿಲ್ಸಯ್ಯಾ, ಯಾರು ಅಗೆದು ನೋಡ್ತಾರೆ?" ಎಂದರು ಆಗಿನ ಮೇಲ್ವಿಚಾರಕರು.

ನಿಲ್ಲಿಸಿದೆ. ಅಂದಾಜಿನ ಮೇಲೆ ನಿಲ್ಲಿಸಿದೆ. ಕಲ್ಲಿನ ಮೇಲಿನ ಹೆಸರು ಸರಿಯಾಗಿದೆ. ಅದರ ಕೆಳಗಿರುವವರು ಅವರೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಆ ವಾರವೂ ಕಾಗದದಲ್ಲಿ ಕ್ಷೇಮ ಎಂದೇ ಬರೆದೆ. ಮೊದಲ ಸಲ ಅದು ತಪ್ಪು. ಆ ಸಲ ಅದು ಸುಳ್ಳು.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ: ಸಮಯವಾಯಿತು. ನಿಜ ಸ್ವಾಮಿ, ಒಂಬತ್ತು ವರ್ಷ ತಡವಾಗಿದೆ. ಈ ಸಭೆ ಮುಗಿದ ಕೂಡಲೇ ಆ ತಾಯಿಯನ್ನು ತೋಟಕ್ಕೆ ಕರೆದೊಯ್ದು "ಇದೇ" ಎಂದು ತೋರಿಸಬೇಕಾದವನು ನಾನು. ಕಾಗದದಲ್ಲಿ ಸುಳ್ಳು ಬರೆದೆ. ಅವರ ಮುಖ ನೋಡಿಕೊಂಡು ಬೆರಳು ತೋರಿಸಲಾರೆ.

ಅಮ್ಮಾ, ನಿಮ್ಮ ಮಗ ಆ ನಾಲ್ಕರಲ್ಲಿ ಒಂದು ಕಡೆ ಇದ್ದಾನೆ. ಅಷ್ಟು ಖಂಡಿತ. ಅದಕ್ಕಿಂತ ಹೆಚ್ಚು ಹೇಳಿದರೆ ಮತ್ತೆ ಸುಳ್ಳಾಗುತ್ತದೆ. ಉಳಿದ ಮೂರು ಮನೆಯವರಿಗೂ ನಾಳೆ ಇದನ್ನೇ ಬರೆಯುತ್ತೇನೆ. ಈ ಸನ್ಮಾನ ಪತ್ರವನ್ನು ಮೇಜಿನ ಮೇಲೇ ಬಿಡುತ್ತೇನೆ. ನೀವು ಬೈಯಿರಿ, ಕ್ಯಾಕರಿಸಿ ಉಗಿಯಿರಿ, ನಾನು ನಿಂತು ಕೇಳುತ್ತೇನೆ.

ಎದ್ದುಬಿಟ್ಟಿರಾ, ಅಮ್ಮಾ? ಹೋಗುವುದಾದರೆ ತಡೆಯುವ ಹಕ್ಕು ನನಗಿಲ್ಲ...

ಇಲ್ಲ. ಸಭಿಕರೇ, ದಯವಿಟ್ಟು ಗದ್ದಲ ಬೇಡ. ಅವರು ಮತ್ತೆ ಕುಳಿತರು. ತಂದಿದ್ದ ಹೂವಿನ ಕಟ್ಟು ಬಿಚ್ಚಿದ್ದಾರೆ. ಮಡಿಲಲ್ಲಿ ಹಾಕಿಕೊಂಡು ಪಾಲು ಮಾಡುತ್ತಿದ್ದಾರೆ. ಒಂದು, ಎರಡು, ಮೂರು... ನಾಲ್ಕನೆಯದಕ್ಕೆ ಸಾಲುತ್ತಿಲ್ಲ.

ತೋಟದಲ್ಲಿ ಹೂವಿದೆ, ಅಮ್ಮಾ. ನಾನು ಕೊಯ್ದು ಕೊಡುತ್ತೇನೆ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನನ್ನ ಕೃತಜ್ಞತೆ. ನಮಸ್ಕಾರ.